ಇಪ್ಪತ್ತೊಂದನೆಯ ಚುಕ್ಕೆ

ನಮ್ಮ ಅಜ್ಜಿಯ ಅಜ್ಜಿಗೂ ಹಿಂದೆ ಕಾರೆಗಿರಿ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ಜನ ಹಚ್ಚೆ ಇಲ್ಲದ ತೋಳನ್ನು ತೋಳೆಂದೇ ಎಣಿಸುತ್ತಿರಲಿಲ್ಲ.

ಹದಿನೆಂಟು ತುಂಬಿದವರು ಹಚ್ಚೆಯವ್ವನ ಜಗುಲಿಗೆ ಬಂದು ತೋಳು ಚಾಚಿ ಕೂರುತ್ತಿದ್ದರು. ಹಚ್ಚೆಯವ್ವ "ಏನು ಹಾಕಲಿ?" ಎಂದು ಮೂರು ಸಲ ಕೇಳುತ್ತಿದ್ದಳು. ಮೊದಲನೆಯ ಉತ್ತರ ಮನೆಯವರು ಹೇಳಿಕೊಟ್ಟದ್ದು. ಎರಡನೆಯದು ಊರಿಗೆ ತೋರಿಸಿಕೊಳ್ಳಲು ಹೇಳುವುದು. ಮೂರನೆಯದು ಸ್ವಂತದ್ದು. ಅವಳು ಮೂರನೆಯದನ್ನೇ ಹಾಕುತ್ತಿದ್ದಳು. ಹೀಗಾಗಿ ಕಾರೆಗಿರಿಯ ರಾಜನ ತೋಳಿನ ಮೇಲೆ ಸಿಂಹವಿರಲಿಲ್ಲ, ಹಲಸಿನ ತೊಳೆ ಇತ್ತು. ಅದನ್ನು ನೋಡಿದಾಗಲೆಲ್ಲ ರಾಣಿ ನಗುತ್ತಿದ್ದಳು. ರಾಜನೂ ನಗುತ್ತಿದ್ದ.

ಇನ್ನೊಂದು ಪದ್ಧತಿಯೂ ಇತ್ತು. ದೂರ ಹೊರಟವರ ಹಚ್ಚೆಯನ್ನು ಪೂರ್ತಿ ಮಾಡುವಂತಿಲ್ಲ. ಕೊನೆಯ ಚುಕ್ಕೆ ಬಿಡಬೇಕು. ಅವರು ಮರಳಿ ಬಂದ ಮೇಲೆ ಹಾಕಬೇಕು. ಯಾಕೆಂದು ಯಾರೂ ಕೇಳುತ್ತಿರಲಿಲ್ಲ.

ಹಚ್ಚೆಯವ್ವನ ಮಗಳ ಹೆಸರು ಹುಲಿಗಿ. ಅವಳ ಕೈ ತಾಯಿಯ ಕೈಗಿಂತ ಹಗುರ. ಇದನ್ನು ತಾಯಿಯೇ ಒಪ್ಪಿದ್ದಳು.

ಅದೇ ಊರಿನಲ್ಲಿ ದುರುಗ ಎಂಬ ಉಪ್ಪಿನವನಿದ್ದ. ನಾಲ್ಕು ಕತ್ತೆಗಳನ್ನು ಹೊಡೆದುಕೊಂಡು ಕಡಲ ತೀರಕ್ಕೆ ಹೋಗುತ್ತಿದ್ದ, ಉಪ್ಪು ಹೇರಿಕೊಂಡು ಬರುತ್ತಿದ್ದ. ಬಂದಾಗಲೆಲ್ಲ ಜಗುಲಿಯ ಮೇಲೆ ಕೂತು, "ಏನು ಹಾಕಿಸಬೇಕು ಅಂತ ಇನ್ನೂ ಗೊತ್ತಾಗಿಲ್ಲ" ಎಂದು ಹೇಳಿ, ನೀರು ಕುಡಿದು ಹೋಗುತ್ತಿದ್ದ. ಮೂರು ವರ್ಷ ಹೀಗೇ ಆಯಿತು.

ಒಂದು ಸಂಜೆ ಬಂದು ತೋಳು ಚಾಚಿದ. ಹುಲಿಗಿ ಸೂಜಿ ಹಿಡಿದಳು.

"ಏನು ಹಾಕಲಿ?"

"ಕುದುರೆ."

"ನಿನ್ನ ಹತ್ರ ಇರೋದು ಕತ್ತೆ. ಏನು ಹಾಕಲಿ?"

"ಖಡ್ಗ."

"ಯಾಕೆ, ಸೌತೆಕಾಯಿ ಹೆಚ್ಚೋಕಾ? ಏನು ಹಾಕಲಿ?"

ದುರುಗ ನೆಲ ನೋಡಿದ. "ನಿಮ್ಮ ಹೊಸ್ತಿಲ ಮುಂದಿನ ರಂಗೋಲಿ" ಎಂದ. "ಇಪ್ಪತ್ತೊಂದು ಚುಕ್ಕೆ. ದಾರಿಯಲ್ಲಿ ಕಣ್ಣು ಮುಚ್ಚಿದರೆ ಅದೇ ಕಾಣುತ್ತೆ."

ಹುಲಿಗಿ ಕರಟದಲ್ಲಿದ್ದ ಕಾಡಿಗೆಗೆ ಸೊಪ್ಪಿನ ರಸ ಹಿಂಡಿ, ಸೂಜಿ ಅದ್ದಿ, ಚುಚ್ಚತೊಡಗಿದಳು. ಮರುದಿನ ಬೆಳಿಗ್ಗೆ ಅವನು ಕಡಲಿಗೆ ಹೊರಡುವವನಿದ್ದ. ಇಪ್ಪತ್ತಕ್ಕೆ ನಿಲ್ಲಿಸಬೇಕಿತ್ತು. ಇಪ್ಪತ್ತನೆಯದು ಮುಗಿದಾಗ ದುರುಗ ಹೇಳಿದ:

"ಹುಲಿಗೀ, ಈ ಸಲ ಬಂದಾಗ ಉಪ್ಪಿನ ಮೂಟೆ ನಿನ್ನ ಹೊಸ್ತಿಲಲ್ಲೇ ಇಳಿಸ್ತೀನಿ. ಮತ್ತೆ ಎತ್ತಲ್ಲ."

ಅವಳ ಕೈ ನಿಲ್ಲಲಿಲ್ಲ. ಪೂರ್ತಿ ಮಾಡಿದರೆ ಪೂರ್ತಿ ನನ್ನವನಾಗುತ್ತಾನೆ ಎಂದುಕೊಂಡಳು. ಇಪ್ಪತ್ತೊಂದನೆಯ ಚುಕ್ಕೆಯನ್ನೂ ಹಾಕಿಬಿಟ್ಟಳು.

ಎರಡು ತಿಂಗಳಾದ ಮೇಲೆ ಕತ್ತೆಗಳ ಗಂಟೆಯ ಸದ್ದು ಕೇಳಿತು. ಹುಲಿಗಿ ಹೊಸ್ತಿಲಿಗೆ ಓಡಿ ಬಂದಳು. ದುರುಗ ಅವಳನ್ನು ನೋಡಿದ. ಎಲ್ಲ ಮನೆಗಳ ಮುಂದೆ ಕೇಳುವ ಹಾಗೆಯೇ ಕೇಳಿದ:

"ಉಪ್ಪು ಬೇಕೇನವ್ವಾ?"

ಅವನ ತೋಳಿನ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ.

ಹುಲಿಗಿ ಒಂದು ಸೇರು ಉಪ್ಪು ಕೊಂಡು ಒಳಗೆ ಬಂದು ಕೂತಳು. ತಾಯಿ ಅವಳ ಮುಖ ನೋಡಿದಳು.

"ಕೊನೇ ಚುಕ್ಕೆ ಹಾಕಿದ್ಯಾ?"

"ಹಾಕಿದೆ."

"ಅಯ್ಯೋ ಹುಚ್ಚಿ! ಕಡಲ ದಾರಿಯ ಕಣಿವೇಲಿ ಸುಣ್ಣಯ್ಯ ಅಂತ ಒಬ್ಬ ಮಾಂತ್ರಿಕ ಇದಾನೆ. ಆ ದಾರೀಲಿ ಹೋದವರ ಪೂರ್ತಿಯಾದ ಹಚ್ಚೆ ಮೇಲೆ ಒದ್ದೆ ಬಟ್ಟೆ ಇಟ್ಟು, ಹಾಲಿನ ಕೆನೆ ತೆಗೆದ ಹಾಗೆ ತೆಗೀತಾನೆ. ಹಚ್ಚೆ ಹೋದರೆ ಅದರ ಆಸೆಯೂ ಹೋಗುತ್ತೆ. ಪೂರ್ತಿಯಾಗದ್ದು ಮಾತ್ರ ಅವನ ಕೈಗೆ ಬರಲ್ಲ. ಅದರ ಒಂದು ತುದಿ ಚರ್ಮದೊಳಗೆ ಕಾಯ್ತಾ ಇರುತ್ತೆ."

"ಇದನ್ನ ಮೊದಲೇ ಹೇಳಬಾರದಿತ್ತಾ?"

"ಪದ್ಧತಿ ಅಂದ ಮೇಲೆ ಕೇಳ್ತೀಯ ಅಂದುಕೊಂಡಿದ್ದೆ."

ಹುಲಿಗಿ ಸೂಜಿಯನ್ನು ಸೆರಗಿನ ತುದಿಗೆ ಕಟ್ಟಿ, ಕರಟ ಹಿಡಿದು ಹೊರಟಳು.

ಕಣಿವೆಯ ಬಾಯಿಯಲ್ಲಿ ಎತ್ತಿನಷ್ಟು ದೊಡ್ಡ ಚೇಳು ಕಾವಲು ನಿಂತಿತ್ತು. ಅದು ಹಚ್ಚೆಯ ಹಸಿರು ಬಣ್ಣದ್ದು. ಬಾಲದ ಮೂರನೆಯ ಗೆಣ್ಣು ಸೊಟ್ಟಗಿತ್ತು. ಹುಲಿಗಿಗೆ ತಕ್ಷಣ ಗುರುತು ಸಿಕ್ಕಿತು. "ನೀನು ಕುಂಬಾರರ ಗೌರಕ್ಕನ ತೋಳಿನ ಚೇಳಲ್ಲವಾ? ಅವ್ವ ಆ ಗೆಣ್ಣು ಹಾಕುವಾಗ ಗೌರಕ್ಕ ಸೀನಿದ್ದಳು."

ಚೇಳು ಕೊಂಡಿ ಇಳಿಸಿತು. "ನಮ್ಮವಳು ಹೇಗಿದಾಳೆ?" ಎಂದು ಕೇಳಿತು.

"ಮೊದಲು ಊರೇ ಅವಳಿಗೆ ಹೆದರುತ್ತಿತ್ತು. ಈಗ ಕೋಳಿ ರೆಕ್ಕೆ ಬಡಿದರೂ ಬೆಚ್ಚುತ್ತಾಳೆ."

ಚೇಳು ನಿಟ್ಟುಸಿರು ಬಿಟ್ಟು ದಾರಿ ಕೊಟ್ಟಿತು.

ಕಣಿವೆಯ ನಡುವೆ ಒಂದು ಹಸಿರು ಹುಲಿ ಅಡ್ಡ ಬಂತು. ಅದಕ್ಕೆ ಒಂದು ಕಡೆ ಆರು ಮೀಸೆ, ಇನ್ನೊಂದು ಕಡೆ ಐದು. ಹುಲಿಗಿ ಎಣಿಸಿ, "ನೀನು ನೇಕಾರ ಸೋಮಪ್ಪನ ಹುಲಿ" ಎಂದಳು.

"ನಮ್ಮವನು ಹೇಗಿದಾನೆ? ಅತ್ತೆಗೆ ಎದುರು ಮಾತಾಡ್ತಾನಾ?"

"ಆಗ ವರ್ಷಕ್ಕೊಂದು ಸಲವಾದರೂ ಆಡುತ್ತಿದ್ದ. ಈಗ ಅದೂ ಇಲ್ಲ."

ಹುಲಿ ಮುಂಗಾಲಿನಿಂದ ಕಣ್ಣೊರೆಸಿಕೊಂಡು ದಾರಿ ಕೊಟ್ಟಿತು.

ಕಣಿವೆಯ ಕೊನೆಯಲ್ಲಿ ಮೃಗವಿರಲಿಲ್ಲ. ಒಂದು ಹಸಿರು ತೊಟ್ಟಿಲು ತಾನೇ ತೂಗುತ್ತಿತ್ತು, ತಾನೇ ಅಳುತ್ತಿತ್ತು. ಅಳು ಕೇಳಿದ ಹುಲಿಗಿಯ ಕಾಲು ಕಲ್ಲಾಯಿತು. ಅದು ದ್ಯಾಮವ್ವನ ತೊಟ್ಟಿಲು. ದ್ಯಾಮವ್ವನ ಮಗು ಒಂಬತ್ತು ದಿನ ಬದುಕಿತ್ತು. ತೊಟ್ಟಿಲು ಕೇಳಿತು:

"ನಮ್ಮವ್ವ ಹೇಗಿದಾಳೆ?"

ಹುಲಿಗಿ ಕರಟ ಕೆಳಗಿಟ್ಟು ಎರಡೂ ಕೈಯಿಂದ ತೊಟ್ಟಿಲು ತೂಗಿದಳು. "ಚೆನ್ನಾಗಿದಾಳೆ. ನಗುತ್ತಾಳೆ, ಉಣ್ಣುತ್ತಾಳೆ. ಆದರೆ ಈಗಲೂ ಎಡ ತೋಳು ಒಂದಿಷ್ಟು ಮಡಚಿಯೇ ನಡೆಯುತ್ತಾಳೆ. ಯಾಕೆಂದು ಅವಳಿಗೆ ಗೊತ್ತಿಲ್ಲ."

ತೊಟ್ಟಿಲು ಅಳು ನಿಲ್ಲಿಸಿತು. ಹುಲಿಗಿಯ ಕಾಲು ಹಗುರಾಯಿತು. ಆದರೆ ತೂಗುವಾಗ ತೊಟ್ಟಿಲು ತಗುಲಿ ಕರಟ ಉರುಳಿತ್ತು. ಕಾಡಿಗೆಯನ್ನೆಲ್ಲ ಮಣ್ಣು ಕುಡಿದಿತ್ತು. ಅವಳು ಬರಿಯ ಸೂಜಿ ಹಿಡಿದು ಮುಂದೆ ನಡೆದಳು.

ಸುಣ್ಣಯ್ಯನ ಕೋಟೆ ಸುಣ್ಣದ್ದು. ಒಳಗೆ ಸುಣ್ಣಯ್ಯ ಕೂತಿದ್ದ. ಅವನ ಮೈತುಂಬ ಹಚ್ಚೆ. ಹಾವು, ಹೂವು, ನವಿಲು, ಬಾವಿ, ಹೆಸರು ಎಲ್ಲವೂ ಇದ್ದವು. ಒಂದೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಜಾಗ ಸಿಗದ ಜನರ ಹಾಗೆ ಒಂದನ್ನೊಂದು ತಳ್ಳುತ್ತಿದ್ದವು. ಎದೆಯ ಮೂಲೆಯಲ್ಲಿ ಇಪ್ಪತ್ತೊಂದು ಚುಕ್ಕೆಯ ರಂಗೋಲಿಯೂ ಇತ್ತು.

"ಕೈ ಚಾಚು" ಎಂದ ಸುಣ್ಣಯ್ಯ. ಅವಳ ತೋಳಿನ ಮೇಲೆ ಒದ್ದೆ ಬಟ್ಟೆ ಇಟ್ಟು ಎಳೆದ. ಬರಲಿಲ್ಲ. ಮತ್ತೆ ಎಳೆದ. ಬರಲಿಲ್ಲ. ಮೂರನೆಯ ಸಲವೂ ಬರಲಿಲ್ಲ.

"ಹಚ್ಚೆ ಹಾಕುವವರ ಹಚ್ಚೆ ಎಂದೂ ಪೂರ್ತಿಯಾಗುವುದಿಲ್ಲ. ವರ್ಷಕ್ಕೊಂದು ಚುಕ್ಕೆ ಸೇರಿಸುತ್ತ ಹೋಗುತ್ತೇವೆ" ಎಂದಳು ಹುಲಿಗಿ. "ಇಷ್ಟೊಂದರಲ್ಲಿ ನಿನ್ನದು ಯಾವುದು?"

ಸುಣ್ಣಯ್ಯ ತನ್ನ ಮೈ ನೋಡಿಕೊಂಡ.

"ಹಾಕಿಕೊಡಲಾ?"

"ನೋಯುತ್ತಾ?"

"ನೋಯುತ್ತೆ."

ಅವನು ತೋಳು ಚಾಚಿದ.

"ಏನು ಹಾಕಲಿ?"

"ಸಿಂಹ."

"ಏನು ಹಾಕಲಿ?"

"ಕಿರೀಟ."

"ಏನು ಹಾಕಲಿ?"

ಸುಣ್ಣಯ್ಯ ಸೂಜಿಯನ್ನು ನೋಡಿದ. "ನಾನೂ ನಿಮ್ಮೂರಿನವನೇ. ಹದಿನೆಂಟು ತುಂಬಿದಾಗ ನಿಮ್ಮಜ್ಜಿ ಹೀಗೇ ಕೇಳಿದಳು. ಮೂರನೆಯದಕ್ಕೆ ನನಗೆ ಉತ್ತರ ಬರಲಿಲ್ಲ. ಜಗುಲಿಯ ಮೇಲಿದ್ದವರೆಲ್ಲ ನಕ್ಕರು. ಗೊತ್ತಾದಾಗ ಬಾ ಮಗಾ ಅಂದಳು ನಿಮ್ಮಜ್ಜಿ. ಊರವರ ಆಸೆಗಳನ್ನೆಲ್ಲ ಮೈಮೇಲೆ ಹೊತ್ತು ನೋಡಿದೆ. ನನ್ನದೇನು ಅಂತ ಇನ್ನೂ ಗೊತ್ತಾಗಿಲ್ಲ."

"ಹಾಗಾದರೆ ಒಂದೇ ಚುಕ್ಕೆ ಹಾಕುತ್ತೇನೆ. ಯಾವುದರ ಮೊದಲ ಚುಕ್ಕೆ ಎಂದು ಗೊತ್ತಾದಾಗ ಬಂದು ಹೇಳು."

ಆದರೆ ಕಾಡಿಗೆ ಇರಲಿಲ್ಲ. ಅಲ್ಲಿ ಹುಲಿಗಿ ಎತ್ತಬಹುದಾದ ಚುಕ್ಕೆ ಒಂದೇ ಇತ್ತು. ಸುಣ್ಣಯ್ಯನ ಎದೆಯ ರಂಗೋಲಿಯಲ್ಲಿ ಅವಳೇ ಹಾಕಬಾರದ ದಿನ ಹಾಕಿದ ಇಪ್ಪತ್ತೊಂದನೆಯದು. ಅದನ್ನು ಎತ್ತಿದರೆ, ಹಾಕುವ ಹೊತ್ತಿಗೆ ಅದು ಹಿಡಿದಿಟ್ಟುಕೊಂಡ ಮಾತು ದುರುಗನಿಗೆ ಎಂದೂ ನೆನಪಾಗುವುದಿಲ್ಲ. ಉಪ್ಪಿನ ಮೂಟೆಯ ಮಾತು. ಅವಳು ಎರಡು ತಿಂಗಳು ದಿನವೂ ಮೆಲುಕು ಹಾಕಿದ ಮಾತು.

ಸೂಜಿಯ ತುದಿ ಆ ಚುಕ್ಕೆಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅದನ್ನು ಎತ್ತಿತು. ಸುಣ್ಣಯ್ಯನ ತೋಳಿಗೆ ಚುಚ್ಚಿತು.

"ಅವ್ವಾ!" ಎಂದು ಸುಣ್ಣಯ್ಯ ಕೂಗಿದ. ಅದು ಅವನ ಸ್ವಂತದ ಮೊದಲ ನೋವು. ಆ ಕೂಗಿಗೆ, ಕಲ್ಲು ಬಿದ್ದ ಮರದಿಂದ ಹಕ್ಕಿಗಳು ಏಳುವ ಹಾಗೆ, ಹಚ್ಚೆಗಳೆಲ್ಲ ಅವನ ಮೈಯಿಂದ ಎದ್ದವು. ನೋವು ಉಂಡವರಿಗೇ ಹಚ್ಚೆ. ಅವು, ಕಣಿವೆಯ ಚೇಳು, ಹುಲಿ, ತೊಟ್ಟಿಲುಗಳೂ ಸೇರಿ, ತಮ್ಮವರನ್ನು ಹುಡುಕಿಕೊಂಡು ಹಾರಿದವು. ಕೋಟೆ ಪದರ ಪದರವಾಗಿ ಉದುರಿತು. ನಡುವೆ ಒಬ್ಬ ಸಾಮಾನ್ಯ ಮುದುಕ ಕೂತು, ತೋಳಿನ ಮೇಲಿನ ಒಂದು ಚುಕ್ಕೆಯನ್ನು ಬೆರಳಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದ.

ಹುಲಿಗಿ ಊರಿಗೆ ಬಂದಾಗ ಗೌರಕ್ಕ ಬೀದಿಯಲ್ಲಿ ಯಾರನ್ನೋ ಬೈಯುತ್ತಿದ್ದಳು. ಸೋಮಪ್ಪನ ಅತ್ತೆ ಬಾಯಿ ತೆರೆದುಕೊಂಡು ನಿಂತಿದ್ದಳು. ದ್ಯಾಮವ್ವ ಹಿತ್ತಲಿನಲ್ಲಿ ಕೂತು ಮನಸಾರೆ ಅಳುತ್ತಿದ್ದಳು. ಯಾರೂ ಅವಳನ್ನು ತಡೆಯಲಿಲ್ಲ.

ಮೂರನೆಯ ದಿನ ಕತ್ತೆಗಳ ಗಂಟೆ ಕೇಳಿತು. ದುರುಗ ಜಗುಲಿಯ ಮೇಲೆ ಕೂತ. "ಹುಲಿಗೀ, ನೀರು ಕೊಡು" ಎಂದ. ಕುಡಿದು ತೋಳು ಚಾಚಿದ.

"ಎಣಿಸಿದೆ. ಇಪ್ಪತ್ತೇ ಇವೆ."

"ದೂರ ಹೊರಟವರಿಗೆ ಇಪ್ಪತ್ತೇ. ಬಂದ ಮೇಲೆ ಇನ್ನೊಂದು."

"ಆ ಸಂಜೆ ನಾನು ಏನೋ ಹೇಳಿದ ಹಾಗಿತ್ತು. ಎಷ್ಟು ಯೋಚಿಸಿದರೂ ನೆನಪಾಗ್ತಿಲ್ಲ. ಏನು ಹೇಳಿದೆ?"

ಮಾತು ಹುಲಿಗಿಯ ನಾಲಿಗೆಯ ತುದಿಗೆ ಬಂತು. ಅವಳು ನುಂಗಿಕೊಂಡಳು. ಹೇಳಿಕೊಟ್ಟ ಉತ್ತರಕ್ಕೆ ಆ ಮನೆಯಲ್ಲಿ ಯಾರೂ ಹಚ್ಚೆ ಹಾಕಿದವರಲ್ಲ.

"ನನಗೇನು ಗೊತ್ತು?" ಎಂದಳು. ಕಾಡಿಗೆ ಕಲಸಿದಳು. ಸೂಜಿ ಅದ್ದಿದಳು. ಇಪ್ಪತ್ತೊಂದನೆಯ ಚುಕ್ಕೆ ಒಂದಿಷ್ಟು ಓರೆಯಾಗಿ ಬಿತ್ತು.

ದುರುಗ ಅದನ್ನು ನೋಡಿದ. ಹೊಸ್ತಿಲ ಮುಂದಿನ ರಂಗೋಲಿ ನೋಡಿದ. ಎದ್ದು ಹೋಗಿ ಕತ್ತೆಯ ಬೆನ್ನಿನ ಹಗ್ಗ ಬಿಚ್ಚಿ, ಮೂಟೆ ಹೊತ್ತು ತಂದ.

"ಇದನ್ನ ಇಲ್ಲೇ ಇಳಿಸಲಾ? ಬೇರೆ ಬಾಗಿಲಿಗೆ ಹೊತ್ತುಕೊಂಡು ಹೋಗೋ ಮನಸ್ಸಿಲ್ಲ."

ಒಳಗಿನಿಂದ ತಾಯಿ ಕೂಗಿದಳು. "ರಂಗೋಲಿ ತುಳೀಬೇಡಪ್ಪ, ಪಕ್ಕಕ್ಕೆ ಇಳಿಸು!"

ಇಳಿಸಿದ. ಮತ್ತೆ ಎತ್ತಲಿಲ್ಲ.

ಏಳು ವರ್ಷದ ಮೇಲೆ ಸುಣ್ಣಯ್ಯ ಕೋಲೂರಿಕೊಂಡು ಬಂದು ಎರಡನೆಯ ಚುಕ್ಕೆ ಹಾಕಿಸಿಕೊಂಡ. ಏನು ಎಂದು ಇನ್ನೂ ಹೇಳಲಿಲ್ಲ. ಜಗುಲಿಯ ಮೇಲೆ ಯಾರೂ ನಗಲಿಲ್ಲ. ಹುಲಿಗಿ ಅವನಿಗೆ ಊಟ ಹಾಕಿದಳು. ಆ ದಿನದಿಂದ ಈ ದಿನದವರೆಗೆ ಕಾರೆಗಿರಿಯಲ್ಲಿ ಯಾರ ಮನೆಯ ಸಾರಿಗೂ ಉಪ್ಪು ಕಡಿಮೆಯಾಗಿಲ್ಲ.