ಹೂಂಗುಟ್ಟುವವನು

ಸೆರಂಗೂನ್ ಬಡಾವಣೆಯ ಫ್ಲ್ಯಾಟಿನ ಸಣ್ಣ ಕೋಣೆಯಲ್ಲಿ ಸುಹಾಸ ಎಡಗೈಯಿಂದಲೇ ಮೈಕ್ ಸರಿಪಡಿಸುತ್ತಿದ್ದ. ಬಲಗೈ ಪ್ಲಾಸ್ಟರಿನಲ್ಲಿತ್ತು. ಹೋದ ವಾರ ಕಟ್ಟಡದ ಕೆಳಗಿನ ತೆರೆದ ಜಾಗ, ವಾಯ್ಡ್ ಡೆಕ್ಕಿನಲ್ಲಿ, ಗೆಳತಿ ಪ್ರಣತಿಯ ಅಣ್ಣ ಜಗದೀಶ ಅವನ ಗಿಟಾರನ್ನು ಕಂಬಕ್ಕೆ ಬಡಿದು ಮುರಿದಿದ್ದ. ಆ ಮುರಿದ ತುಂಡಿನಿಂದಲೇ ಅವನ ಬೆರಳುಗಳನ್ನು ಜಜ್ಜಿದ್ದ. "ನನ್ನ ತಂಗಿ ಸಹವಾಸ ಬಿಡು. ಇಲ್ದಿದ್ರೆ ಇನ್ನೊಂದು ಕೈನೂ ಹೋಗುತ್ತೆ."

ಪ್ರಣತಿಯ ಅಜ್ಜಿ ಹಾಡಿ ಹೇಳುತ್ತಿದ್ದ ಕಥೆಗಳಿಗೆ ಗಿಟಾರ್ ಕೂಡಿಸಿ ಇಬ್ಬರೂ ಮಾಡುತ್ತಿದ್ದ ಕಂಟ್ರಿ ಸಂಗೀತದ ಆಲ್ಬಮ್ಮಿಗೆ ಒಂದೇ ಹಾಡು ಬಾಕಿಯಿತ್ತು.

ಪ್ರಣತಿ ಬಂದಳು. ಕೆನ್ನೆಯ ಮೇಲೆ ಬೆರಳುಗಳ ಗುರುತು ಕೆಂಪಗೆ ಎದ್ದಿತ್ತು.

"ಯಾರು ಹೊಡೆದಿದ್ದು?"

"ನಿನ್ನ ಕೈಗೆ ಹೊಡೆದೋನೇ. ರೆಕಾರ್ಡ್ ಒತ್ತು."

ಅಣ್ಣಂದಿರು ತಂಗಿಯ ಗೆಳೆಯನನ್ನು ಕೊಡಲಿಯಿಂದ ಕಡಿದು, ರಕ್ತ ಮೆತ್ತಿದ ಪಂಚೆಯನ್ನು ಅವಳಿಂದಲೇ ಕೆರೆಯಲ್ಲಿ ಒಗೆಸಿದ ಕಥೆ ಆ ಹಾಡಿನದು. ಅಜ್ಜಿಯ ಕಥೆಯಲ್ಲಿ ಅವಳು ಆ ಕೆರೆಗೇ ಹಾರುತ್ತಾಳೆ. ಪ್ರಣತಿ ಕೆರೆಯ ನೀರು ಕೆಂಪಾಗುವವರೆಗೆ ಹಾಡಿ ನಿಲ್ಲಿಸಿಬಿಟ್ಟಳು.

"ಯಾಕೆ? ಟೇಕ್ ಚೆನ್ನಾಗೇ ಬರ್ತಿತ್ತು."

"ನೀನು ಹೂಂ ಅಂತಾನೇ ಇಲ್ಲ. ಕೇಳೋರು ಹೂಂಗುಟ್ಟದೇ ಇದ್ರೆ ನಮ್ಮಜ್ಜಿ ಕಥೆ ಅಲ್ಲಿಗೇ ಬಿಟ್ಟು ಮಲಗಿಬಿಡೋಳು."

"ರೆಕಾರ್ಡಿಂಗಲ್ಲಿ ಉಸಿರೂ ಕೇಳಿಸಬಾರದು ಕಣೆ. ನನ್ನ ದನಿ ಸೇರ್ಕೊಳ್ಳುತ್ತೆ."

"ಸೇರ್ಕೊಳ್ಲಿ. ಅಣ್ಣ ಕೇಳಿಸ್ಕೋತಾನೆ ಅಂತ ಭಯಾನಾ?"

ಸುಹಾಸ ಪ್ಲಾಸ್ಟರನ್ನು ನೋಡಿಕೊಂಡ. "ಹೂಂ, ಭಯ. ನನ್ನ ದನಿ ಕೇಳಿ ನಿನಗೆ ಮತ್ತೆ ಹೊಡೀತಾನೆ ಅಂತ."

"ಪೊಲೀಸ್ ರಿಪೋರ್ಟ್ ಕೊಟ್ಟು ಬರ್ತಿದೀನಿ. ನಿನ್ನ ಕೈದೂ ಹೇಳಿದೀನಿ. ನಾಳೆ ನಿನ್ನನ್ನೂ ಕೇಳ್ತಾರೆ. ಬಿದ್ದು ಪೆಟ್ಟಾಯ್ತು ಅಂತ ಸುಳ್ಳು ಹೇಳಿದ್ರೆ, ಆ ಎಡಗೈ ನಾನೇ ಮುರೀತೀನಿ."

ಅವನು ನಕ್ಕ. ಅವಳು ನಗಲಿಲ್ಲ. ಆದರೆ ಅವನ ಮೇಲಿಟ್ಟ ಕಣ್ಣನ್ನು ತೆಗೆಯಲೂ ಇಲ್ಲ.

"ನನ್ನ ಫ್ರೆಂಡ್ ನಳಿನಿ ಮನೆಗೆ ಶಿಫ್ಟ್ ಆಗ್ತಿದೀನಿ. ಗಿಟಾರ್ ಇಲ್ಲ, ಕೈ ಇಲ್ಲ. ಹೂಂ ಅನ್ನೋಕಾದ್ರೂ ಆಗುತ್ತಾ ನಿನಗೆ?"

"ಬದುಕೆಲ್ಲಾ ಅಂತೀನಿ. ಹಾಡು."

ಹೆಬ್ಬೆರಳಿನಿಂದ ಮೇಜಿಗೆ ತಾಳ ಹಾಕುತ್ತಾ, ಕಣ್ಣು ಮುಚ್ಚಿ ಅವಳು ಮತ್ತೆ ಕೆರೆಯವರೆಗೆ ಬಂದಳು. ಕೆಂಪು ನೀರು ಮೊಣಕಾಲಿಗೆ ಬಂತು.

"ಹೂಂ," ಎಂದ ಸುಹಾಸ.

ಸೊಂಟಕ್ಕೆ ಬಂತು.

"ಹೂಂ."

ಪ್ರಣತಿ ಕಣ್ಣು ತೆರೆದಳು. ಅಲ್ಲಿಂದ ಮುಂದಿನದು ಅಜ್ಜಿ ಹೇಳಿದ ಕಥೆಯಲ್ಲ. ಹುಡುಗಿ ದಡ ಹತ್ತಿದಳು. ತೊಳೆಯದ ಪಂಚೆಯನ್ನು ಹೆಗಲಿಗೆ ಹಾಕಿಕೊಂಡು, ಊರೆಲ್ಲ ನೋಡುವಂತೆ ಚಾವಡಿಯ ಕಡೆಗೆ ನಡೆದಳು.

ಸುಹಾಸ ಕುರ್ಚಿಯನ್ನು ಎಳೆದುಕೊಂಡು, ಅವಳ ಕೆನ್ನೆಯ ಪಕ್ಕಕ್ಕೆ, ಮೈಕಿಗೆ ಬಾಯಿ ತಂದ.

"ಹೂಂ," ಎಂದ, ಜಗದೀಶನಿಗೂ ಕೇಳಿಸುವ ಹಾಗೆ.