ಹಾಚೂಂಗೊನನ್ನು ಕೊಂದವರು ಯಾರು?

"ಸತ್ತವರು ಮಾತಾಡಬಾರದು ಕಣೋ!" ಚಿಪೆಗೊ ನೆಲಕ್ಕೆ ಕಾಲು ಅಪ್ಪಳಿಸಿದಳು.

"ಇರುವೆ ಕಚ್ಚಿದ್ರೂ?" ಮಾವಿನ ಮರದ ಕೆಳಗೆ ಅಂಗಾತ ಮಲಗಿದ್ದ ಸಿಯಂಗ ಒಂದು ಕಣ್ಣು ತೆರೆದು ಕೇಳಿದ.

"ಕಚ್ಚಿದ್ರೂ! ನೀನು ವಿಷ ತಿಂದು ಬೆಳಗ್ಗೇನೇ ಸತ್ತಿದೀಯ. ಸೆಟೆದು ಹೋಗಿದೀಯ."

"ಸೆಟೆದು ಹೋದೋನಿಗೆ ತುರಿಕೆ ಆಗಲ್ವಾ?"

ಆರನೇ ತರಗತಿಯವರೆಲ್ಲ ಗೊಳ್ಳೆಂದು ನಕ್ಕರು. ಸತ್ತವನೂ ನಕ್ಕ.

ಚೋಮಾ ಪಟ್ಟಣದ ಆ ಶಾಲೆಯಲ್ಲಿ ಪ್ರತಿ ವರ್ಷ ಒಂದೇ ನಾಟಕ. ಊರಿನಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರೆಲ್ಲ ಓದಿದ ಹಳೆಯ ಕಾದಂಬರಿಯೊಂದಿತ್ತು. ಅದರಲ್ಲಿ ಹಾಚೂಂಗೊ ಎಂಬ ಊರ ಮುಖಂಡ ಒಂದು ಬೆಳಗಿನ ಜಾವ ಮನೆಯಿಂದ ಹೊರಡುತ್ತಾನೆ. ಮಧ್ಯಾಹ್ನ ಅವನ ಹೆಣ ಹೊಳೆಯ ದಂಡೆಯಲ್ಲಿ ಸಿಗುತ್ತದೆ. ಹೇಗೆ ಸತ್ತ ಅಂತ ಪುಸ್ತಕದಲ್ಲಿಲ್ಲ. ಆಮೇಲೆ ಕೊನೆಯವರೆಗೂ ಅವನ ಮನೆಯವರ ಕಷ್ಟ, ಕಣ್ಣೀರು.

"ಪ್ರತಿ ಸಲ ಅಳೋದೇ ಆಯ್ತು. ಈ ಸಲ ಇದನ್ನ ಮರ್ಡರ್ ಕತೆ ಮಾಡೋಣ! ಯಾರೋ ಅವನನ್ನ ಕೊಂದಿದಾರೆ. ನಾನು ಇನ್ಸ್‌ಪೆಕ್ಟರ್," ಎಂದಿದ್ದಳು ಚಿಪೆಗೊ. ಮ್ವೀಟ್ವಾ ಟೀಚರ್ ನಕ್ಕು, "ಬರೆದು ತೋರಿಸು, ನೋಡೋಣ," ಎಂದಿದ್ದರು. ಅವಳು ಬರೆದೂ ಬಿಟ್ಟಳು. ಕೊಲೆ ಮಾಡಿದವಳು ಹಾಚೂಂಗೊನ ಚಿಕ್ಕ ಹೆಂಡತಿ. ದಾರಿಗೆಂದು ಕೊಟ್ಟ ಗೆಣಸಿನಲ್ಲಿ ವಿಷ.

ಅಷ್ಟರಲ್ಲಿ ಶಾಲೆಯ ಗೇಟಿನಲ್ಲಿ ಮಝುಬಾ ಕಾಣಿಸಿದಳು. ಅವಳು ಚಿಪೆಗೊಳ ಚಿಕ್ಕಮ್ಮ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಅವಳನ್ನು ಮದುವೆಯಾಗಿ ಕರೆತಂದಿದ್ದರು. ಅವಳ ಒಂದು ಕೈಯಲ್ಲಿ ಚಿಪೆಗೊಳ ನಾಲ್ಕು ವರ್ಷದ ತಮ್ಮ ಲ್ವೇಂಡೊ, ಇನ್ನೊಂದು ಕೈಯಲ್ಲಿ ಮಡಿಸಿದ ನೀಲಿ ಬಟ್ಟೆ.

"ನಾಟಕಕ್ಕೆ ಒಳ್ಳೆ ಬಟ್ಟೆ ಬೇಕು ಅಂದಿದ್ದೆಯಲ್ಲ ಮಗಳೇ. ನನ್ನ ಮದುವೆ ಬಟ್ಟೆ ತಂದಿದೀನಿ."

ಲುಯಾಂಡೊ ಆ ಬಟ್ಟೆಯನ್ನು ಸೊಂಟಕ್ಕೆ ಸುತ್ತಿಕೊಂಡಳು. ಚಿಕ್ಕ ಹೆಂಡತಿಯ ಪಾತ್ರ ಅವಳದೇ. ಚಿಕ್ಕಮ್ಮ ಬಾಗಿ ಗಂಟು ಸರಿಮಾಡಿ, ಲ್ವೇಂಡೊನನ್ನು ತೊಡೆಯ ಮೇಲೆ ಕೂರಿಸಿಕೊಂಡು ನೋಡುತ್ತ ಕುಳಿತಳು.

ಚಿಪೆಗೊ ಟೋಪಿ ಸರಿಮಾಡಿಕೊಂಡಳು. ಅಂಟಿಸಿಕೊಂಡ ಮೀಸೆ ತೀಡಿದಳು. ಬೆರಳು ಚಾಚಿ ಗುಡುಗಿದಳು: "ಕೊಲೆಗಾತಿ ನೀನೇ! ನಿನ್ನ ಕೈಯಿಂದಲೇ ವಿಷ ತಿನ್ನಿಸಿದೆ!"

ಲುಯಾಂಡೊ ಕುಸಿದು ಬಿದ್ದಳು. ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು. ಚಿಕ್ಕಮ್ಮ ಕೂಡ ತಟ್ಟಲು ಕೈಯೆತ್ತಿದಳು. ಕೈಗಳು ಹಾಗೇ ನಿಂತವು. ಅವಳು ಅವನ್ನು ಮೆಲ್ಲಗೆ ಮಡಿಲಲ್ಲಿ ಇಟ್ಟುಕೊಂಡಳು.

ಆ ದಿನ ಸಂಜೆ ಊಟಕ್ಕೆ ಮೆಕ್ಕೆಜೋಳದ ಮುದ್ದೆ, ಶೇಂಗಾ ಹಾಕಿದ ಸೊಪ್ಪು. ಲ್ವೇಂಡೊಗೆ ಅದೆಂದರೆ ಪ್ರಾಣ. ಆದರೆ ಚಿಕ್ಕಮ್ಮ ತುತ್ತು ಮಾಡಿ ಬಾಯಿಯ ಹತ್ತಿರ ತಂದರೆ ಅವನು ತುಟಿ ಬಿಗಿದ.

"ಯಾಕೋ ಕಂದಾ?"

"ವಿಷ ಇದೆ."

ಚಿಕ್ಕಮ್ಮ ಆ ತುತ್ತನ್ನು ತಾನೇ ತಿಂದಳು. "ನೋಡು, ನನಗೇನೂ ಆಗಲಿಲ್ಲ." ಅವನು ತಲೆಯಾಡಿಸಿದ. ಇನ್ನೊಂದು ತುತ್ತು ಮಾಡಿದಳು. ಅವನು ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತ. ಕೊನೆಗೆ ಚಿಪೆಗೊ ತಿನ್ನಿಸಿದಾಗ ಗಬಗಬ ತಿಂದ.

ಬೆಳಿಗ್ಗೆ ಗಂಜಿಯನ್ನೂ ಮುಟ್ಟದೆ ಪಕ್ಕದ ಮನೆಗೆ ಓಡಿದ. ಸ್ವಲ್ಪ ಹೊತ್ತಿನಲ್ಲೇ ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ಇಣುಕಿದಳು. "ಏನಮ್ಮಾ ಮಝುಬಾ! ನಿನ್ನ ಅಡುಗೇಲಿ ವಿಷ ಇದೆಯಂತಲ್ಲ? ಹುಡುಗ ಹೇಳ್ತಾ ಇದಾನೆ!" ಎಂದು ನಕ್ಕಳು. ನಗುತ್ತಲೇ ಗಂಜಿಯ ಪಾತ್ರೆಯ ಕಡೆ ಒಮ್ಮೆ ನೋಡಿದಳು.

ಚಿಕ್ಕಮ್ಮನೂ ನಕ್ಕಳು. ಗಂಜಿ ಎತ್ತಿಕೊಂಡು ಒಳಗೆ ಹೋದಳು.

ಚಿಪೆಗೊ ಲ್ವೇಂಡೊನನ್ನು ಎಳೆದು ತಂದಳು. "ಅದು ನಾಟಕ ಕಣೋ ಪೆದ್ದ! ಸುಳ್ಳು. ನಾನೇ ಬರೆದಿದ್ದು."

"ಸುಳ್ಳಾದ್ರೆ ಎಲ್ಲಾರೂ ಯಾಕೆ ಚಪ್ಪಾಳೆ ಹೊಡೆದ್ರು?"

ಚಿಪೆಗೊ ಚೀಲ ಹೆಗಲಿಗೇರಿಸಿ ಶಾಲೆಗೆ ಹೊರಟಳು.

ಅವಳು ಶಾಲೆಯಿಂದ ಬಂದಾಗ ಚಿಕ್ಕಮ್ಮ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಚಿಪೆಗೊ ಎದುರು ಕುಳಿತು ತಾನೂ ಸುಲಿಯತೊಡಗಿದಳು. ಬೈಯುತ್ತಾಳೇನೋ ಎಂದು ಕಾದಳು. ಚಿಕ್ಕಮ್ಮ ಬೈಯಲಿಲ್ಲ.

"ಆ ಪುಸ್ತಕ ನೀವೂ ಓದಿದೀರಾ ಚಿಕ್ಕಮ್ಮ?"

"ಏಳನೇ ಕ್ಲಾಸಲ್ಲಿ."

"ಹಾಚೂಂಗೊನನ್ನ ಯಾರು ಕೊಂದಿರಬಹುದು ಅನ್ನಿಸಿತ್ತು ನಿಮಗೆ?"

"ಕೊಂದಿದಾರೆ ಅಂತ ನನಗೆ ಹೊಳೀಲೇ ಇಲ್ಲ. ನನಗೆ ಬೇರೆ ಚಿಂತೆ." ಚಿಕ್ಕಮ್ಮ ಒಂದು ಕಾಯಿ ಒಡೆದು ಬೀಜವನ್ನು ಬುಟ್ಟಿಗೆ ಹಾಕಿದಳು. "ಅವನು ಸತ್ತಾಗ ಊರವರೆಲ್ಲ ದೊಡ್ಡ ಹೆಂಡತಿ ಅಂಗಳಕ್ಕೆ ಹೋಗಿ ಅಳ್ತಾರೆ. ಚಿಕ್ಕವಳ ಹತ್ತಿರ ಯಾರೂ ಕೂರಲ್ಲ. ಅವಳಿಗೆ ಹೇಗಾಯ್ತು, ಅವಳು ಏನಂದಳು, ಒಂದು ಮಾತೂ ಇಲ್ಲ ಪುಸ್ತಕದಲ್ಲಿ. ಪುಟ ಹಿಂದಕ್ಕೆ ತಿರುಗಿಸಿ ತಿರುಗಿಸಿ ಹುಡುಕಿದೆ. ಎಲ್ಲೂ ಇಲ್ಲ."

ಚಿಪೆಗೊಳ ಕೈ ನಿಂತಿತು. ಅವಳೂ ಹುಡುಕಿದ್ದಳು. ಎಲ್ಲರೂ ಮಾತಾಡುವ ಪುಸ್ತಕದಲ್ಲಿ ಇವಳೊಬ್ಬಳು ಯಾಕೆ ಸುಮ್ಮನಿದ್ದಾಳೆ? ಏನೋ ಮುಚ್ಚಿಡುತ್ತಿದ್ದಾಳೆ. ಇವಳೇ ಕೊಲೆಗಾತಿ! ಹಾಗೆ ಯೋಚಿಸಿಯೇ ಅವಳು ನಾಟಕ ಬರೆದಿದ್ದು.

ಮರುದಿನ ಚಿಪೆಗೊ, "ಕೊಲೆ ಮಾಡಿದ್ದು ಚಿಕ್ಕ ಹೆಂಡತಿ ಅಲ್ಲ," ಎಂದಾಗ ತರಗತಿಯಲ್ಲಿ ಗಲಾಟೆಯೋ ಗಲಾಟೆ.

"ನಾಳೆ ಮಧ್ಯಾಹ್ನ ನಾಟಕ! ತಲೆ ಕೆಟ್ಟಿದೆಯಾ ನಿನಗೆ?"

"ಸರಿ, ಹಾಚೂಂಗೊನ ತಮ್ಮ ಕೊಂದ ಅಂತ ಮಾಡೋಣ," ಎಂದಿತು ಒಂದು ದನಿ.

"ಆಗಲ್ಲ! ನಮ್ಮಪ್ಪನ ತಮ್ಮನೇ ನನ್ನ ಸಾಕಿರೋದು," ಎಂದ ಸಿಯಂಗ. "ಚಿಕ್ಕಪ್ಪ ಮುಂದಿನ ಸಾಲಲ್ಲೇ ಕೂತಿರ್ತಾರೆ."

"ದನ ಕಾಯೋನು?"

"ಏಯ್, ನಮ್ಮಪ್ಪ ದನ ಕಾಯ್ತಾರೆ!"

"ಮದ್ದು ಕೊಡೋ ಅಜ್ಜಿ?"

ಲುಯಾಂಡೊ ಎದ್ದು ನಿಂತಳು. "ನಮ್ಮಜ್ಜಿ ಮದ್ದು ಕೊಡ್ತಾಳೆ. ಹೋದ ತಿಂಗಳು ನಿನ್ನ ಕೆಮ್ಮು ವಾಸಿ ಮಾಡಿದ್ದು ಯಾರೋ?"

ಮ್ವೀಟ್ವಾ ಟೀಚರ್ ಕಿಟಕಿಯ ಬಳಿ ನಿಂತು ಕೇಳುತ್ತಿದ್ದರು.

"ಮೊಸಳೆ?" ಎಂದ ಸಿಯಂಗ. "ಮೊಸಳೆ ಕಡೆಯೋರು ಯಾರೂ ನಾಟಕ ನೋಡೋಕೆ ಬರಲ್ಲ."

ಶುಕ್ರವಾರ ಮಧ್ಯಾಹ್ನ ಶಾಲೆಯ ಅಂಗಳ ತುಂಬಿತ್ತು. ಚಿಕ್ಕಮ್ಮ ಹಿಂದಿನ ಸಾಲಿನ ತುದಿಯಲ್ಲಿ ಕುಳಿತಿದ್ದಳು. ಲ್ವೇಂಡೊ ಅವಳಿಂದ ಒಂದು ಮೊಳ ದೂರದಲ್ಲಿ ಕುಳಿತಿದ್ದ.

ಇನ್ಸ್‌ಪೆಕ್ಟರ್ ಚಿಪೆಗೊ ಹಾಚೂಂಗೊನ ತಮ್ಮನನ್ನು ವಿಚಾರಿಸಿದಳು, ದನ ಕಾಯುವವನನ್ನು ವಿಚಾರಿಸಿದಳು, ಅಜ್ಜಿಯನ್ನು ವಿಚಾರಿಸಿದಳು. ಎಲ್ಲರೂ ಚಿಕ್ಕ ಹೆಂಡತಿಯ ಕಡೆ ಬೆರಳು ತೋರಿಸಿದರು. "ಅವಳೇ! ಬೇರೆ ಯಾರು?" ಜನರೂ ಕೂಗಿದರು, "ಅವಳೇ! ಹಿಡೀರಿ ಅವಳನ್ನ!"

ಚಿಪೆಗೊ ಲುಯಾಂಡೊಳ ಮುಂದೆ ಹೋಗಿ ನಿಂತಳು. ಈ ಸಲ ಬೆರಳು ಚಾಚಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದು ನೆಲದ ಮೇಲೆ ಕುಳಿತಳು.

"ಅಮ್ಮಾ, ಎಲ್ಲರನ್ನೂ ಕೇಳಿದೆ, ನಿಮ್ಮನ್ನ ಕೇಳಲಿಲ್ಲ. ಆ ದಿನ ಏನಾಯ್ತು?"

ಲುಯಾಂಡೊ ನೀಲಿ ಬಟ್ಟೆಯ ಅಂಚು ಹಿಡಿದುಕೊಂಡಳು. "ಕರು ಕಾಣಿಸ್ತಿರಲಿಲ್ಲ. ಹುಡುಕೋಕೆ ಹೊರಟ್ರು. ಹೊಳೆ ತುಂಬಿದೆ, ಇಳೀಬೇಡಿ ಅಂದೆ. ಕರು ಇನ್ನೂ ಚಿಕ್ಕದು ಕಣೇ ಅಂದ್ರು. ಹಸಿವಾದ್ರೆ ಇರಲಿ ಅಂತ ಗೆಣಸು ಕೊಟ್ಟೆ. ಆಮೇಲೆ ಎಲ್ಲರೂ ಬಂದು ನನ್ನ ಕೈಯನ್ನೇ ನೋಡಿದ್ರು. ಅವರು ನನಗೂ ಗಂಡ ಆಗಿದ್ರು. ಅದನ್ನ ಯಾರೂ ಕೇಳಲಿಲ್ಲ."

"ಹಿಡೀರಿ" ಎಂದು ಕೂಗಿದ್ದ ಹೆಂಗಸೊಬ್ಬಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಆಗ ಗೋಣಿಚೀಲ ಹೊದ್ದ ಮೊಸಳೆ ಮರದ ಹಿಂದಿನಿಂದ ಹರಿದು ಬಂತು. ಅದು ಗುರ್ರೆಂದದ್ದೇ ತಡ, ಸತ್ತಿದ್ದ ಹಾಚೂಂಗೊ "ಅಯ್ಯಯ್ಯೋ!" ಎಂದು ಎದ್ದು ಓಡಿದ. ಅಂಗಳವೇ ಬಿದ್ದು ಬಿದ್ದು ನಕ್ಕಿತು. ಲ್ವೇಂಡೊ ಮಾತ್ರ ಕಿಟಾರನೆ ಕಿರುಚಿ, ಹತ್ತಿರವಿದ್ದ ಮಡಿಲಿಗೆ ಹಾರಿ, ಚಿಕ್ಕಮ್ಮನ ಕುತ್ತಿಗೆ ತಬ್ಬಿ ಮುಖ ಮುಚ್ಚಿಕೊಂಡ.

"ಹೋಯ್ತಾ ಮೊಸಳೆ?"

"ಹೋಯ್ತು ಕಂದಾ. ನಾನಿದೀನಲ್ಲ." ಚಿಕ್ಕಮ್ಮ ಅವನ ಬೆನ್ನು ಸವರುತ್ತಲೇ ಇದ್ದಳು. ಇನ್ನೊಂದು ಕೈಯಿಂದ ಕಣ್ಣು ಒರೆಸಿಕೊಂಡಳು.

ಮನೆಗೆ ಹೋಗುವಾಗ ಲ್ವೇಂಡೊ ಅವಳ ಬೆನ್ನ ಮೇಲೆ ನಿದ್ದೆ ಹೋಗಿದ್ದ. ಚಿಪೆಗೊ ಪಕ್ಕದಲ್ಲಿ ನಡೆಯುತ್ತಿದ್ದಳು. ಚಿಕ್ಕಮ್ಮ ಮನೆಗೆ ಬಂದು ಒಂದು ಮಳೆಗಾಲ ಕಳೆದಿತ್ತು. ಅಡುಗೆ ಏನು, ಸಮವಸ್ತ್ರ ಒಗೆದಿದ್ದೀರಾ, ಅಪ್ಪ ಎಷ್ಟು ಹೊತ್ತಿಗೆ ಬರುತ್ತಾರೆ, ಇಷ್ಟನ್ನೇ ಚಿಪೆಗೊ ಅವಳನ್ನು ಕೇಳಿದ್ದು.

"ಚಿಕ್ಕಮ್ಮಾ, ನಿಮಗೆ ಅಮ್ಮ ಇದಾರಾ?"

ಚಿಕ್ಕಮ್ಮ ತಿರುಗಿ ನೋಡಿದಳು. "ಇದಾರೆ. ಸರೋವರದ ದಂಡೇಲಿ ನಮ್ಮೂರು. ಅವರಿಗೆ ಈಗ ಕಣ್ಣು ಕಾಣಲ್ಲ. ಆದ್ರೂ ಬಲೆ ಹೆಣೀತಾರೆ."

"ಕಣ್ಣು ಕಾಣದೆ ಹೇಗೆ ಹೆಣೀತಾರೆ?"

"ಅದು ದೊಡ್ಡ ಕತೆ ಮಗಳೇ."

"ಹೇಳಿ. ಮನೆ ಇನ್ನೂ ದೂರ ಇದೆ," ಎಂದಳು ಚಿಪೆಗೊ.

ಮನೆಯ ತಗಡಿನ ಚಾವಣಿ ಆಗಲೇ ಎದುರಿಗೇ ಕಾಣುತ್ತಿತ್ತು. ಇಬ್ಬರೂ ನಡಿಗೆ ನಿಧಾನ ಮಾಡಿದರು.