ಕೂರಿಗೆಯ ಎರಡು ಕೊಳವೆ

“ನನ್ನ ಬೀಜಕ್ಕ ಏನ್ ಮಾಡೀದಿ, ಹೇಳು!” ಭಾಗ್ಯಶ್ರೀ ಕೂಗಿದ್ದು ಶಾಲೆಯ ಗೇಟಿನವರೆಗೂ ಕೇಳಿಸಿತು.

“ನಾನ್ಯಾಕೆ ಮುಟ್ಲಿ? ಲೂಸಾ ನೀನು?” ಕೃಪಾ ಇನ್ನೂ ಜೋರಾಗಿ ಕೂಗಿದಳು.

ಬಾಗಲಗುಂಟೆಯ ಆ ಶಾಲೆಯ ಹಿಂದೆ, ಫ್ಯಾಕ್ಟರಿ ಗೋಡೆಗೆ ಅಂಟಿಕೊಂಡು ಮಕ್ಕಳ ತೋಟವಿತ್ತು. ಇಬ್ಬರೂ ಒಂದೇ ದಿನ ಮೆಕ್ಕೆಜೋಳ ಬಿತ್ತಿದ್ದರು. ಕೃಪಾಳ ಸಾಲು ಗೇಣುದ್ದ ಎದ್ದಿತ್ತು. ಭಾಗ್ಯಶ್ರೀಯ ಸಾಲಿನಲ್ಲಿ ಬರೀ ಮಣ್ಣು.

ಭಾಗ್ಯಶ್ರೀಯ ಬೀಜ ಊರಿಂದ ಅವಳ ಅಜ್ಜಿ ಸಿದ್ದಕ್ಕಜ್ಜಿ ಕಳಿಸಿದ್ದು. ಭಾಗ್ಯಶ್ರೀ ಹತ್ತಿರ ಬೇರೆ ಒಂದು ಕಾಳೂ ಉಳಿದಿರಲಿಲ್ಲ.

“ನೀನ ತೆಗದೀದಿ. ನಾವು ನಿಮ್ಮ ರೂಮಿನಾಗ ಬಾಡಿಗಿ ಅದೀವಿ ಅಂತ ಸೊಕ್ಕು ನಿಂಗ!”

“ಹೋಗೇ! ನಿನ್ ಜೊತೆ ಟೂ.” ಕೃಪಾ ಬ್ಯಾಗ್ ತರಲು ಕ್ಲಾಸಿಗೆ ಓಡಿದಳು.

ಭಾಗ್ಯಶ್ರೀ ಬಗ್ಗಿದವಳೇ ಕೃಪಾಳ ಸಾಲಿನ ಮೊದಲ ಗಿಡವನ್ನು ಕಿತ್ತಳು. ಮಣ್ಣಿನ ಹೆಂಟೆಯ ಸಮೇತ ಬಂತು. ಎಸೆಯಲು ಕೈ ಎತ್ತಿದಳು. ಎಸೆಯಲಿಲ್ಲ.

ಬಿಳಿ ಬೇರುಗಳು ಒಂದೇ ಪಕ್ಕಕ್ಕೆ ಹೆಚ್ಚು ಚಾಚಿದ್ದವು. ಆ ಪಕ್ಕದಲ್ಲಿ, ಸ್ವಲ್ಪ ಕೆಳಗೆ, ಅರ್ಧ ಕರಗಿದ ಗೊಬ್ಬರದ ಕಾಳುಗಳಿದ್ದವು.

“ಗೊಬ್ಬರ ಬೀಜಕ್ಕೆ ತಾಗ್ಬಾರ್ದು. ಮೂರು ಬೆರಳು ಪಕ್ಕ, ಮೂರು ಬೆರಳು ಆಳ,” ಎಂದು ಬಿತ್ತುವ ದಿನ ಮಾಲಾ ಮಿಸ್ ಹೇಳಿದ್ದರು. ಭಾಗ್ಯಶ್ರೀ ನಕ್ಕಿದ್ದಳು. “ನಮ್ಮ ಹೊಲದಾಗ ಎರಡೂ ಕೂಡೇ ಹಾಕ್ತಾರ್ರೀ ಮಿಸ್.” ಬಿತ್ತುವ ಕೂರಿಗೆಯ ಹಿಂದೆ ನಡೆಯುತ್ತ ಅಜ್ಜಿ ಒಂದು ಕೈಯಲ್ಲಿ ಬೀಜ, ಇನ್ನೊಂದರಲ್ಲಿ ಗೊಬ್ಬರ ಬಿಡುವುದನ್ನು ಅವಳು ಎಷ್ಟು ಸಲ ನೋಡಿರಲಿಲ್ಲ! ಅದಕ್ಕೇ ಎರಡನ್ನೂ ಒಂದೇ ಕುಳಿಗೆ ಸುರಿದಿದ್ದಳು, ಗೊಬ್ಬರ ಒಂದು ಹಿಡಿ ಜಾಸ್ತಿಯೇ.

ತನ್ನ ಸಾಲನ್ನು ಬೆರಳಿನಿಂದ ಬಗೆದಳು. ಬೀಜ ಅಲ್ಲೇ ಇತ್ತು, ಗೊಬ್ಬರದ ನಡುವೆ. ಮೊಳಕೆ ಕಂದುಬಣ್ಣಕ್ಕೆ ತಿರುಗಿ ಸುಟ್ಟುಹೋಗಿತ್ತು. ಪಕ್ಕದ ಕುಳಿಯಲ್ಲೂ ಹಾಗೆಯೇ.

ಅಜ್ಜಿಯ ಕೈಗಳು ಜೊತೆಗೇ ಇದ್ದವು, ನಿಜ. ಆದರೆ ಕೂರಿಗೆಗೆ ಎರಡು ಕೊಳವೆ, ಬೀಜಕ್ಕೊಂದು, ಗೊಬ್ಬರಕ್ಕೊಂದು. ಅವು ಮಣ್ಣಿನಲ್ಲಿ ಎಲ್ಲೆಲ್ಲಿ ಬಾಯಿ ಬಿಡುತ್ತವೆ ಎಂದು ಭಾಗ್ಯಶ್ರೀ ಬಗ್ಗಿ ನೋಡಿರಲೇ ಇಲ್ಲ.

ಗಿಡವನ್ನು ಅದೇ ಗುಂಡಿಯಲ್ಲಿಟ್ಟು ಮಣ್ಣು ಒತ್ತಿದಳು. ಬಾಟಲಿಯ ನೀರು ಹಾಕಿದಳು. ಅದು ವಾಲಿತು.

“ನನ್ನ ಗಿಡಕ್ಕೆ ಏನೇ ಮಾಡ್ದೆ?” ಕೃಪಾ ಹಿಂದೆಯೇ ನಿಂತಿದ್ದಳು. ಮುಖ ಕೆಂಪಾಗಿತ್ತು.

ಗಿಡ ತಾನೇ ಬಿದ್ದಿತ್ತು ಅನ್ನಬಹುದಿತ್ತು.

“ಕಿತ್ತೆ,” ಎಂದಳು ಭಾಗ್ಯಶ್ರೀ. “ನಾನ ಕಿತ್ತೆ.”

ಕೃಪಾ ಅಲ್ಲಿಂದ ಹೋಗಲಿಲ್ಲ. ಭಾಗ್ಯಶ್ರೀ ಎರಡೂ ಅಂಗೈಗಳನ್ನು ಗಿಡಕ್ಕೆ ಬಿಸಿಲು ಬೀಳದಂತೆ ಅಡ್ಡ ಹಿಡಿದು ಕೂತೇ ಇದ್ದಳು.